‘ಲಿ’ ಅಂಟಿಸುವ ಮುನ್ನ

ಪದವಿ ಕಾಲೇಜಿನ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವುದು ನನ್ನ ಹೊಟ್ಟೆಪಾಡು. ಆಡ್ಜೆಕ್ಟಿವ್ ನಾಮಪದದ ಗುಣ ಹೇಳುತ್ತದೆ, ಆಡ್ವರ್ಬ್ ಕ್ರಿಯಾಪದದ ರೀತಿ ಹೇಳುತ್ತದೆ ಎಂಬ ವ್ಯಾಖ್ಯೆಯನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಾರೆ. ಅದೇ ಮಕ್ಕಳ ಉತ್ತರಪತ್ರಿಕೆಯಲ್ಲಿ ‘ಶಿ ಲುಕ್ಸ್ ಬ್ಯೂಟಿಫುಲಿ’ ಎಂದಿರುತ್ತದೆ. ಪಾಠ ಮಾಡುತ್ತ ಮಾಡುತ್ತ ನಾನು ಕಂಡುಕೊಂಡದ್ದು ಇಷ್ಟು.

1. ಮೊದಲು ಬೈಯಬೇಕಾದ್ದು ಮಕ್ಕಳನ್ನಲ್ಲ, ನಮ್ಮ ‘ಆಗಿ’ಯನ್ನು. ‘ಊಟ ಚೆನ್ನಾಗಿದೆ’ ಎನ್ನುತ್ತೇವೆ, ‘ಚೆನ್ನಾಗಿ ಹಾಡಿದಳು’ ಎಂದೂ ಹೇಳುತ್ತೇವೆ. ಒಂದು ಊಟದ ಗುಣ, ಇನ್ನೊಂದು ಹಾಡಿದ ಬಗೆ. ಕನ್ನಡ ಎರಡಕ್ಕೂ ಒಂದೇ ರೂಪದಲ್ಲಿ ಕೆಲಸ ಮುಗಿಸುತ್ತದೆ. ಇಂಗ್ಲಿಷಿನಲ್ಲಿ ದಾರಿ ಇಲ್ಲೇ ಕವಲೊಡೆಯುತ್ತದೆ: ‘ದ ಫುಡ್ ಈಸ್ ಗುಡ್’, ‘ಶಿ ಸ್ಯಾಂಗ್ ವೆಲ್’. ‘ಆಗಿ’ ಬಂದಲ್ಲೆಲ್ಲ ‘ಲಿ’ ಹಚ್ಚುವ ಚಾಳಿ ಶಾಲೆಯಿಂದಲೇ ಅಂಟಿಕೊಂಡಿರುತ್ತದೆ. ‘ಸುಂದರವಾಗಿ ಕಾಣುತ್ತಾಳೆ’ ಎಂಬುದು ‘ಬ್ಯೂಟಿಫುಲಿ’ ಆಗುವುದು ಹೀಗೆ. ವ್ಯಾಖ್ಯೆಯೂ ಮಕ್ಕಳ ಪರವೇ ಇದೆ ನೋಡಿ: ‘ಲುಕ್ಸ್’ ಕ್ರಿಯಾಪದ ತಾನೆ?

2. ಆದ್ದರಿಂದ ನಾನು ವ್ಯಾಖ್ಯೆ ಬಿಟ್ಟು ‘ಈಸ್’ ಪರೀಕ್ಷೆ ಹಿಡಿದೆ. ಕ್ರಿಯಾಪದ ತೆಗೆದು ಆ ಜಾಗದಲ್ಲಿ ‘ಈಸ್’ ಅಥವಾ ‘ವಾಸ್’ ಇಡಿ. ಮಾತು ಹೆಚ್ಚುಕಮ್ಮಿ ಅದೇ ಉಳಿದರೆ ಅಲ್ಲಿಗೆ ಬೇಕಾದ್ದು ಆಡ್ಜೆಕ್ಟಿವ್. ‘ದ ಸಾಂಬಾರ್ ಟೇಸ್ಟೆಡ್ ಸಾಲ್ಟಿ’ ಎಂಬಲ್ಲಿ ‘ವಾಸ್’ ಸಲೀಸಾಗಿ ಕೂರುತ್ತದೆ. ಸಾಂಬಾರು ಏನನ್ನೂ ಮಾಡುತ್ತಿಲ್ಲ, ಸುಮ್ಮನೆ ಉಪ್ಪಾಗಿದೆ. ‘ದ ಕುಕ್ ಟೇಸ್ಟೆಡ್ ದ ಸಾಂಬಾರ್ ಕೇರ್‌ಫುಲಿ’ ಎಂಬಲ್ಲಿ ‘ವಾಸ್’ ಇಟ್ಟರೆ ಅಡುಗೆಯವನೇ ಸಾಂಬಾರಾಗಿಬಿಡುತ್ತಾನೆ! ಅಲ್ಲಿ ಸೌಟು ಹಿಡಿದ ಕೈಯಿದೆ, ಕೆಲಸ ನಡೆದಿದೆ, ಅದಕ್ಕೇ ‘ಲಿ’. ಕ್ರಿಯಾಪದ ಒಂದೇ, ಹುದ್ದೆ ಬೇರೆ. ‘ಲುಕ್’, ‘ಸ್ಮೆಲ್’, ‘ಫೀಲ್’, ‘ಸೌಂಡ್’, ‘ಅಪಿಯರ್’ ಎಲ್ಲದಕ್ಕೂ ಈ ಎರಡು ಮುಖವಿದೆ. ಮುಖ ನೋಡಿ ಹೇಳುವಾಗ ‘ಹಿ ಲುಕ್ಡ್ ಆಂಗ್ರಿ’. ನಮ್ಮತ್ತ ಕೆಂಗಣ್ಣು ಬಿಟ್ಟಾಗ ‘ಹಿ ಲುಕ್ಡ್ ಆಂಗ್ರಿಲಿ ಅಟ್ ಅಸ್’. ಪಟ್ಟಿ ಉರುಹೊಡೆಸುವ ಗೈಡುಗಳು ಈ ವ್ಯತ್ಯಾಸವನ್ನೇ ನುಂಗಿಹಾಕುತ್ತವೆ.

3. ಸ್ಥಿತಿ ಬದಲಾಗುವುದನ್ನು ಹೇಳುವ ಕ್ರಿಯಾಪದಗಳೂ ಇದೇ ಸಾಲಿನವು. ಹಾಲು ‘ಗೋಸ್ ಸೌರ್’, ಬಾವಿ ‘ರನ್ಸ್ ಡ್ರೈ’, ಮುಖ ‘ಟರ್ನ್ಸ್ ಪೇಲ್’. ಬಾವಿ ಎಲ್ಲಿಗೂ ಓಡುವುದಿಲ್ಲ.

4. ‘ರೂಮನ್ನು ನೀಟಾಗಿ ಇಟ್ಟುಕೋ’ ಎಂಬ ಹಾಸ್ಟೆಲ್ ಮಾತು ಇಂಗ್ಲಿಷಿಗೆ ಬಂದಾಗ ‘ಕೀಪ್ ದ ರೂಮ್ ನೀಟ್ಲಿ’ ಆಗುತ್ತದೆ. ನೀಟಾಗಿರಬೇಕಾದ್ದು ರೂಮು, ಇಡುವ ಕ್ರಿಯೆಯಲ್ಲ. ಹಾಗಾಗಿ ‘ಕೀಪ್ ದ ರೂಮ್ ನೀಟ್’. ಗೋಡೆಯನ್ನು ‘ಪೇಂಟ್ ವೈಟ್’, ಬಾಗಿಲನ್ನು ‘ಪುಶ್ ಓಪನ್’. ಗುಣ ಕರ್ಮಪದಕ್ಕೆ ಅಂಟಬೇಕೋ, ಮಾಡುವ ರೀತಿಗೋ ಎಂದು ಕೇಳಿಕೊಂಡರೆ ಸಾಕು. ಅಕ್ಷರವನ್ನು ನೀಟಾಗಿ ಬರೆಯುವಾಗ ಮಾತ್ರ ‘ರೈಟ್ ನೀಟ್ಲಿ’.

5. ‘ಲಿ’ ಇದ್ದದ್ದೆಲ್ಲ ಆಡ್ವರ್ಬ್ ಅಲ್ಲ. ‘ಫ್ರೆಂಡ್ಲಿ’, ‘ಲೋನ್ಲಿ’, ‘ಲವ್ಲಿ’ ಶುದ್ಧ ಆಡ್ಜೆಕ್ಟಿವ್‌ಗಳು. ‘ಹಿ ಸ್ಪೋಕ್ ಫ್ರೆಂಡ್ಲಿ’ ಎಂದು ಬರೆಯುವಂತಿಲ್ಲ, ‘ಇನ್ ಎ ಫ್ರೆಂಡ್ಲಿ ವೇ’ ಎಂದು ಸುತ್ತಿ ಬರಬೇಕು. ‘ಲಿ’ ಇಲ್ಲದ ಆಡ್ವರ್ಬ್‌ಗಳೂ ಉಂಟು. ‘ಫಾಸ್ಟ್ಲಿ’ ಎಂಬ ಪದವನ್ನು ನಮ್ಮ ಬಸ್‌ಸ್ಟ್ಯಾಂಡುಗಳಲ್ಲಿ ದಿನವೂ ಕೇಳಬಹುದು, ಬಳಕೆಯ ಇಂಗ್ಲಿಷಿನಲ್ಲಿ ಅದಿಲ್ಲ. ಇದಕ್ಕೊಂದು ಹಳೆಯ ಕತೆಯಿದೆ. ಹಳೆಯ ಇಂಗ್ಲಿಷ್ ಎಷ್ಟೋ ಗುಣಪದಗಳ ಕೊನೆಗೆ ಒಂದು ‘ಎ’ ಸ್ವರ ಸೇರಿಸಿ ಆಡ್ವರ್ಬ್ ಮಾಡಿಕೊಳ್ಳುತ್ತಿತ್ತು. ಕಾಲಕ್ರಮದಲ್ಲಿ ಆ ಸ್ವರ ನಾಲಿಗೆಯಿಂದ ಉದುರಿಹೋಯಿತು, ‘ಫಾಸ್ಟ್’, ‘ಹಾರ್ಡ್’ಗಳಿಗೆ ಎರಡು ಹುದ್ದೆಗೂ ಒಂದೇ ರೂಪ ಉಳಿಯಿತು. ಮುಂದೆ ವ್ಯಾಕರಣಕಾರರು ಇಂಥ ಬೋಳು ಪದಗಳ ಮೇಲೆ ಮುನಿಸಿಕೊಂಡರು. 1762ರಲ್ಲಿ ವ್ಯಾಕರಣ ಪ್ರಕಟಿಸಿದ ಪಾದ್ರಿ ರಾಬರ್ಟ್ ಲೌತ್, ಆಡ್ಜೆಕ್ಟಿವನ್ನು ಆಡ್ವರ್ಬಿನಂತೆ ಬಳಸುವುದು ಸಲ್ಲದು ಎಂದ. ಹೆದ್ದಾರಿಯ ‘ಗೋ ಸ್ಲೋ’ ಫಲಕ ಕಂಡು ‘ಸರ್, ತಪ್ಪಲ್ವಾ?’ ಎನ್ನುವ ಚುರುಕು ಹುಡುಗರಿಗೆ ನಾನು ಹೇಳುವುದು: ಆ ‘ಸ್ಲೋ’ ಹಳೆಯ ಆಡ್ವರ್ಬೇ, ಫಲಕ ಸರಿಯಾಗಿದೆ. ಪರೀಕ್ಷೆಯಲ್ಲಿ ಮಾತ್ರ ‘ಸ್ಲೋಲಿ’ ಬರೆಯಿರಿ.

6. ಕೆಲಸದ ಅರ್ಜಿಯಲ್ಲಿ ‘ಐ ವಿಲ್ ವರ್ಕ್ ಹಾರ್ಡ್ಲಿ’ ಎಂದು ಬರೆದವರು ಸಂದರ್ಶನಕ್ಕೆ ಮೊದಲೇ ಸತ್ಯ ನುಡಿದಂತೆ: ‘ಹಾರ್ಡ್ಲಿ’ ಎಂದರೆ ಕಷ್ಟಪಟ್ಟು ಅಲ್ಲ, ಇಲ್ಲವೆನ್ನುವಷ್ಟು ಕಡಿಮೆ. ‘ಲೇಟ್’ ಎಂದರೆ ತಡವಾಗಿ, ‘ಲೇಟ್ಲಿ’ ಎಂದರೆ ಇತ್ತೀಚೆಗೆ. ‘ನಿಯರ್ಲಿ’ ಎಂದರೆ ಹತ್ತಿರದಲ್ಲಿ ಅಲ್ಲ, ಹೆಚ್ಚುಕಡಿಮೆ. ಇಲ್ಲಿ ಯಾವ ಪರೀಕ್ಷೆಯೂ ನಡೆಯದು, ಬಾಯಿಪಾಠವೇ ಗತಿ.

7. ಜಾಗ. ‘ನಿರರ್ಗಳವಾಗಿ ಇಂಗ್ಲಿಷ್ ಮಾತಾಡುತ್ತಾಳೆ’ ಎಂಬುದನ್ನು ‘ಶಿ ಸ್ಪೀಕ್ಸ್ ಫ್ಲುಯೆಂಟ್ಲಿ ಇಂಗ್ಲಿಷ್’ ಮಾಡಬಾರದು. ಇಂಗ್ಲಿಷ್ ಕ್ರಿಯಾಪದ ತನಗೂ ಕರ್ಮಪದಕ್ಕೂ ನಡುವೆ ಸಾಮಾನ್ಯವಾಗಿ ಯಾರನ್ನೂ ಕೂರಲು ಬಿಡುವುದಿಲ್ಲ. ‘ಫ್ಲುಯೆಂಟ್ಲಿ’ ಕೊನೆಗೆ ಹೋಗಲಿ. ‘ಐ ವೆರಿ ಲೈಕ್ ಇಟ್’ ಕೂಡ ‘ತುಂಬಾ ಇಷ್ಟ’ದ ಕೂಸು. ‘ವೆರಿ’ ನೇರವಾಗಿ ಕ್ರಿಯಾಪದಕ್ಕೆ ಕೂಡುವುದಿಲ್ಲ, ‘ಮಚ್’ ಕರೆದುಕೊಂಡೇ ಬರಬೇಕು.

8. ಎರಡೂ ಸರಿಯಾಗುವ ಕಡೆಯೂ ಇದೆ. ‘ದೇ ಕೇಮ್ ಹೋಮ್ ಸೇಫ್’ ಎಂದರೆ ಮನೆ ಮುಟ್ಟಿದಾಗ ಅವರು ಕ್ಷೇಮವಾಗಿದ್ದರು. ‘ಸೇಫ್ಲಿ’ ಎಂದರೆ ಬಂದದ್ದು ಸುರಕ್ಷಿತವಾಗಿ. ಎರಡರಲ್ಲಿ ಯಾವುದನ್ನು ಬರೆದರೂ ನಾನು ಪೂರ್ತಿ ಅಂಕ ಕೊಡುತ್ತೇನೆ.