ಪರಮಾಣುಬಂಧ: ಎರಡು ವ್ಯಾಖ್ಯಾನಗಳು

ತಗಡೂರು ಎಂದರೆ ಇಂದಿನ ಧರ್ಮಪುರಿ. ನೊಳಂಬ ಮಹೇಂದ್ರನ ಕಾಲದ, ಕ್ರಿ.ಶ. 893ರ ಅಲ್ಲಿನ ಕನ್ನಡ ಶಾಸನವು ಬಸದಿಗಾಗಿ ಕನಕಸೇನ ಸಿದ್ಧಾಂತ ಭಟಾರರಿಗೆ ಸಂದ ಗ್ರಾಮದಾನವನ್ನು ತಿಳಿಸುತ್ತದೆ. ಅಂತಹ ಸಿದ್ಧಾಂತಿಗಳ ವಿಚಾರವಿಷಯಗಳಲ್ಲಿ ಪರಮಾಣುವೂ ಒಂದು.

ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಂತೆ ಸ್ನಿಗ್ಧ, ರೂಕ್ಷ ಎಂಬ ಜಿಡ್ಡು-ಒರಟು ಗುಣಗಳಿಂದ ಪರಮಾಣುಗಳು ಬೆಸೆದು ಸ್ಕಂಧವಾಗುತ್ತವೆ. ಇದರಲ್ಲಿ ಉಭಯ ಸಂಪ್ರದಾಯಗಳಿಗೂ ಒಮ್ಮತವಿದೆ. ಭೇದವಿರುವುದು ನಿಯಮದಲ್ಲಿ. ಪೂಜ್ಯಪಾದರ ಸರ್ವಾರ್ಥಸಿದ್ಧಿಯಂತೆ ಸಜಾತಿಯಾಗಲಿ ವಿಜಾತಿಯಾಗಲಿ, ಗುಣಾಂಶದಲ್ಲಿ ಎರಡರ ಅಂತರವಿದ್ದರೆ ಮಾತ್ರ ಬಂಧ. ಶ್ವೇತಾಂಬರ ಭಾಷ್ಯಪರಂಪರೆಯಲ್ಲಿ ಈ ಅಂತರದ ನಿಯಮ ಸಜಾತಿಗಳಿಗಷ್ಟೇ ಅನ್ವಯಿಸುತ್ತದೆ.

ಶಾಲೆಯಲ್ಲಿ ಕಲಿಸುವ ಪರಮಾಣು ಬೇರೆ. 1911ರಲ್ಲಿ ರುದರ್‌ಫೋರ್ಡ್ ಅದರೊಳಗೆ ನ್ಯೂಕ್ಲಿಯಸ್ ಇದೆಯೆಂದು ತೋರಿಸಿದರು. ಒಡೆಯಬಲ್ಲ ಅದು ಆಗಮದೃಷ್ಟಿಯಲ್ಲಿ ಸ್ಕಂಧವೇ ಸರಿ. ಎರಡನ್ನೂ ಒಂದೆನ್ನದೆ, ಭೇದವನ್ನರಿತು ಮಕ್ಕಳಿಗೆ ಬೋಧಿಸುವುದೇ ಸಮ್ಯಗ್ಜ್ಞಾನಕ್ಕೆ ಶೋಭೆ.