ಸೋಮಾರಿ ಅಂತ ನಿನಗೆ ನೀನೇ ತೀರ್ಪು ಬರೆದುಕೊಳ್ಳಬೇಡ

ಪುಟ್ಟೀ, ಬೇರೆ ಯಾರಾದರೂ ನಿನ್ನನ್ನು ಸೋಮಾರಿ ಅಂದಿದ್ದರೆ ಕೇಳಿ ಸುಮ್ಮನಾಗುತ್ತಿದ್ದೆನೇನೋ. ಈಗ ನೀನೇ ಹಾಗಂದುಕೊಂಡು ಓಡಾಡುತ್ತಿದ್ದೀಯ, ಅದೂ ನಗುನಗುತ್ತಾ. ಅದನ್ನು ಮಾತ್ರ ನನ್ನ ಕೈಲಿ ಕೇಳಲಾಗದು.

ಬ್ಯಾಂಕಿನಲ್ಲಿ ದುಡ್ಡಿದ್ದೂ ಕರೆಂಟ್ ಬಿಲ್ ಕಟ್ಟದೆ, ಲೈನ್‌ಮನ್ ಬಂದು ಫ್ಯೂಸ್ ಕಿತ್ತುಕೊಂಡು ಹೋಗುವವರೆಗೂ ಬಿಟ್ಟೆ. ಆಸೆಪಟ್ಟು ಸೇರಿದ ಕೋರ್ಸಿನ ಅಸೈನ್‌ಮೆಂಟನ್ನು ಕೊನೆಯ ರಾತ್ರಿ ಅಳುತ್ತಾ ಬರೆದೆ. ಮೈಗಳ್ಳರನ್ನು ನಾನು ಬೇಕಾದಷ್ಟು ನೋಡಿದ್ದೇನೆ ಕಣೇ. ಕೆಲಸ ತಪ್ಪಿತೆಂದರೆ ಅವರಿಗೆ ಆರಾಮ, ಹೊದ್ದು ಮಲಗುತ್ತಾರೆ. ನಿನಗೋ, ಮಾಡದೆ ಉಳಿದ ಕೆಲಸ ಇಡೀ ದಿನ ಎದೆಯಲ್ಲಿ ಕುಟುಕುತ್ತಿರುತ್ತದೆ, ಊಟ ಸೇರುವುದಿಲ್ಲ, ಆದರೂ ಕೈ ಏಳುವುದಿಲ್ಲ. ಬೇಡವೆಂದು ಬಿಟ್ಟ ಕೆಲಸ, ಬೇಕೆಂದರೂ ಶುರುವಾಗದ ಕೆಲಸ ಎರಡೂ ನೋಡುವವರ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಒಳಗಿನ ಸಂಕಟ ಅನುಭವಿಸುವವರಿಗಷ್ಟೇ ಗೊತ್ತು.

ಹಾಗಾದರೆ ಇದು ಎಡಿಎಚ್‌ಡಿಯೇ, ಆ ಗಮನ ನಿಲ್ಲದ ತೊಂದರೆಯೇ ಅಂತ ಕೇಳುತ್ತೀಯ. ನಾನು ಹೇಳಲಾರೆ. ನೀನು ರಾತ್ರಿಯೆಲ್ಲ ನೋಡುವ ರೀಲ್ಸೂ ಹೇಳಲಾರವು. ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ ದೊಡ್ಡವರಿಗಾಗಿಯೇ 18 ಪ್ರಶ್ನೆಗಳ ಪಟ್ಟಿಯೊಂದಿದೆ. ಡಾಕ್ಟರ ಬಳಿ ಹೋಗಬೇಕೋ ಬೇಡವೋ ಎಂದು ತಿಳಿಯುವುದಕ್ಕೆ ಅದು ಸಾಕು. ಅದರ ಅಂಕ ನೋಡಿಕೊಂಡು ಕಾಯಿಲೆ ಇದೆ, ಇಲ್ಲ ಅಂತ ತೀರ್ಮಾನಿಸಬೇಡ. ಸಂಕಟವಿದ್ದ ಮಾತ್ರಕ್ಕೆ ಎಡಿಎಚ್‌ಡಿ ಅಂತಲೂ ಅಲ್ಲ. ಖಿನ್ನತೆಯಲ್ಲೂ ಕೈ ಏಳುವುದಿಲ್ಲ. ಥೈರಾಯ್ಡ್ ಇಳಿದರೆ, ರಕ್ತ ಕಮ್ಮಿಯಾದರೆ, ನಿದ್ದೆ ಕೆಟ್ಟರೆ ತಲೆಗೆ ಮಂಕು ಕವಿಯುತ್ತದೆ. ಇದನ್ನೆಲ್ಲ ಬಿಡಿಸಿ ನೋಡುವುದು ಕಲಿತವರ ಕೆಲಸ. ಮನೋವೈದ್ಯರನ್ನೋ, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟರನ್ನೋ ಕಾಣಬೇಕು.

ಅಲ್ಲಿ ಏನು ಮಾಡುತ್ತಾರೆ ಅಂತ ಹೆದರಬೇಡ. ಎಡಿಎಚ್‌ಡಿಯನ್ನು ಹಿಡಿದುಕೊಡುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ರಕ್ತಕ್ಕೆ ಚೀಟಿ ಬರೆದುಕೊಟ್ಟರೆ ಅದು ಬೇರೆ ಕಾರಣಗಳನ್ನು ತಳ್ಳಿಹಾಕಲು. ಮಿಕ್ಕಿದ್ದೆಲ್ಲ ಕೂರಿಸಿಕೊಂಡು ಕೇಳುವ ಮಾತು. ವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿ 2013ರಲ್ಲಿ ಬಂತು. ಅದರಲ್ಲಿ ಗಮನಕ್ಕೆ ಸೇರಿದ 9, ಚಡಪಡಿಕೆ-ದುಡುಕಿಗೆ ಸೇರಿದ 9 ಲಕ್ಷಣಗಳಿವೆ. 17 ತುಂಬಿದವರಲ್ಲಿ ಯಾವುದಾದರೂ ಒಂದು ಗುಂಪಿನ ಐದಾದರೂ ಇರಬೇಕು, ಆರು ತಿಂಗಳಾದರೂ ಕಾಡಿರಬೇಕು. ಮನೆ, ಆಫೀಸು, ಸ್ನೇಹಿತರ ನಡುವೆ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಬದುಕಿಗೆ ತೊಡಕಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾದ ಇನ್ನೊಂದಿದೆ: ಕೆಲವು ಲಕ್ಷಣಗಳಾದರೂ 12 ವರ್ಷಕ್ಕೆ ಮೊದಲೇ ಇದ್ದಿರಬೇಕು. ಹೋದ ವರ್ಷ ಹೊಸ ಮ್ಯಾನೇಜರ್ ಬಂದ ಮೇಲೆ ಶುರುವಾದ ತೊಂದರೆಯಾದರೆ ಅದಕ್ಕೆ ಬೇರೆ ಕಾರಣ ಹುಡುಕುತ್ತಾರೆ.

ಅದಕ್ಕೇ ಹೇಳುವುದು, ನಿನ್ನ ಪ್ರೈಮರಿ ಶಾಲೆಯ ಪ್ರಗತಿಪತ್ರಗಳನ್ನು ಹುಡುಕಿಸು. ನಿಮ್ಮಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗು. ಚಿಕ್ಕಂದಿನಲ್ಲಿ ನೀನು ಹೇಗಿದ್ದೆ ಅಂತ ಅವಳಷ್ಟು ಚೆನ್ನಾಗಿ ಹೇಳುವವರಿಲ್ಲ. ಮೇಷ್ಟ್ರುಗಿರಿ ಮಾಡಿದವಳಾಗಿ ನನಗೆ ಗೊತ್ತು: ಬೆಂಚು ಹಾರಿ ಓಡುವ ಹುಡುಗ ಎಲ್ಲರ ಕಣ್ಣಿಗೆ ಬೀಳುತ್ತಾನೆ, ಕಿಟಕಿಯಾಚೆ ನೋಡುತ್ತಾ ಸದ್ದಿಲ್ಲದೆ ಕೂತ ಹುಡುಗಿ ಬೀಳುವುದಿಲ್ಲ. ‘ಜಾಣೆ, ಆದರೆ ಗಮನವಿಲ್ಲ’ ಎಂದು ಷರಾ ಬರೆದು ಮುಂದಿನ ತರಗತಿಗೆ ಕಳಿಸಿಬಿಡುತ್ತಾರೆ. ಎಷ್ಟೋ ಹೆಣ್ಣುಮಕ್ಕಳಿಗೆ ಇದು ತಿಳಿಯುವುದು ಮದುವೆ, ಮಕ್ಕಳು, ಕೆಲಸ ಎಲ್ಲ ಒಟ್ಟಿಗೆ ಮೈಮೇಲೆ ಬಿದ್ದಾಗಲೇ.

ಹೋದರೆ ಜನ ಏನಂದಾರು, ಸಂಬಂಧ ಬರುವಾಗ ಅಡ್ಡಿಯಾದೀತು ಎಂಬ ಚಿಂತೆ ನಿಮ್ಮಮ್ಮನಿಗಿದೆ. ನಿನ್ನ ವಿಷಯವನ್ನು ಗುಟ್ಟಾಗಿಡುವುದು ವೈದ್ಯರ ಹೊಣೆ. ಅದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇರುವ ಹಕ್ಕು. ದುಡ್ಡಿನ ಯೋಚನೆಯಾದರೆ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಜಿಲ್ಲಾಸ್ಪತ್ರೆಗಳಲ್ಲೂ ಮನೋವೈದ್ಯರು ಸಿಗುತ್ತಾರೆ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ 14416ಕ್ಕೆ ಫೋನ್ ಮಾಡು. ಅದು ಟೆಲಿಮಾನಸ್, 2022ರಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಎಡಿಎಚ್‌ಡಿ ಅಂತಲೇ ಬಂದರೆ ಔಷಧಿ ಇದೆ. ಮೀಥೈಲ್‌ಫೆನಿಡೇಟ್, ಅಟೊಮಾಕ್ಸೆಟೀನ್ ನಮ್ಮಲ್ಲಿ ಸಿಗುತ್ತವೆ. ಬಿ.ಪಿ., ಹೃದಯ ನೋಡಿಯೇ ಕೊಡಬೇಕಾದವು. ಗೆಳತಿಯ ಮಾತ್ರೆ ತೆಗೆದುಕೊಂಡು ನೋಡುವ ಹುಚ್ಚುತನ ಮಾತ್ರ ಬೇಡ. ಮಾತ್ರೆಯ ಜೊತೆಗೆ ದಿನಚರಿಯನ್ನು ಹೇಗೆ ಕಟ್ಟಿಕೊಳ್ಳಬೇಕೆಂದೂ ಕಲಿಸುತ್ತಾರೆ. ಅಲ್ಲವೆಂದು ಬಂದರೂ ಹೋಗಿದ್ದು ವ್ಯರ್ಥವಾಯಿತೆಂದು ಕೊರಗಬೇಡ, ಇನ್ನೊಂದು ವರದಿ ಕೊಡುವ ಡಾಕ್ಟರನ್ನು ಹುಡುಕಿಕೊಂಡೂ ಅಲೆಯಬೇಡ. ನಿದ್ದೆಯೋ, ಥೈರಾಯ್ಡೋ, ಮನಸ್ಸಿನ ಭಾರವೋ, ಏನು ಕಂಡಿತೋ ಅದಕ್ಕೆ ಮದ್ದು ಮಾಡಿಸು. ಯಾವುದೇ ಬಂದರೂ ಕರೆಂಟ್ ಬಿಲ್ ಕಟ್ಟಬೇಕಾದವಳು ನೀನೇ. ಆದರೆ ನಿನ್ನನ್ನು ನೀನೇ ಬೈದುಕೊಂಡು ಕಟ್ಟುವುದು ತಪ್ಪುತ್ತದೆ, ಬ್ಯಾಂಕಿನಿಂದ ತಾನಾಗಿ ಹೋಗುವಂತೆ ಮಾಡಿ ಮರೆತುಬಿಡಬಹುದು.

ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವುದೇ ನಿನಗೆ ಬೆಟ್ಟದಂಥ ಕೆಲಸ ಅಂತ ಬಲ್ಲೆ. ಸೋಮವಾರ ಬೆಳಿಗ್ಗೆ 10ಕ್ಕೆ ನಾನೇ ಫೋನ್ ಮಾಡುತ್ತೇನೆ. ಲ್ಯಾಪ್‌ಟಾಪ್ ತೆಗೆದು ಕೂತಿರು, ದಿನ ಗೊತ್ತಾಗುವವರೆಗೂ ಈ ದೊಡ್ಡಮ್ಮ ಲೈನಿನಲ್ಲೇ ಇರುತ್ತಾಳೆ.