ಇಪ್ಪತ್ತು ನಿಮಿಷ ಹಾಸಿಗೆಯ ಪಕ್ಕದಲ್ಲೇ ಇರು

ಮಗೂ,

ಬರುವ ಸೋಮವಾರ ನೀನು ಪಿಎಚ್‌ಸಿಯಲ್ಲಿ ಕೆಲಸಕ್ಕೆ ಹಾಜರಾಗುತ್ತೀ ಎಂದು ನಿನ್ನಮ್ಮ ಫೋನ್ ಮಾಡಿದ್ದಳು. "ಅಣ್ಣಾ, ಇವಳಿಗೆ ನಾಲ್ಕು ಮಾತು ಹೇಳು" ಎಂದಳು. ಓದಿನಲ್ಲಿ ನೀನು ನನಗಿಂತ ಮುಂದೆ. ನಾನು ಕೆಲಸಕ್ಕೆ ಸೇರಿದಾಗ ಕಂಡು ಕೇಳರಿಯದ ಎಷ್ಟೋ ಪರೀಕ್ಷೆಗಳು ಈಗ ನಿನ್ನ ಮೇಜಿನ ಮೇಲೇ ಇರುತ್ತವೆ. ಅದಕ್ಕೇ ಬೇರೆಲ್ಲ ಬಿಟ್ಟು ಅವುಗಳ ವಿಚಾರವನ್ನೇ ಹೇಳುತ್ತೇನೆ.

ಹಳೆಯದೊಂದು ಲೆಕ್ಕ ನನ್ನ ಮನಸ್ಸಿನಲ್ಲಿ ಇನ್ನೂ ಚುಕ್ತಾ ಆಗಿಲ್ಲ. ಕೂಲಿ ಮಾಡುವವನೊಬ್ಬ ಮೂರು ವಾರದಿಂದ ಕೆಮ್ಮು ಎಂದು ಬಂದ. ಮೊದಲ ದಿನ ಕಫ ಕೊಟ್ಟ. ಮರುದಿನ ಬೆಳಗಿನ ಕಫ ತಂದುಕೊಟ್ಟ. ಮೂರನೆಯ ಸಲ ವರದಿ ಕೇಳಲು ಬಂದಾಗ ಲ್ಯಾಬಿನವರು ಬೇರೆ ಡ್ಯೂಟಿಯ ಮೇಲೆ ಹೋಗಿದ್ದರು. ಮೂರು ದಿನದ ಕೂಲಿ ಹೋಯಿತು. ನಾಲ್ಕನೆಯ ಸಲ ಅವನು ಬರಲಿಲ್ಲ. ಸ್ಲೈಡಿನಲ್ಲಿ ಕ್ಷಯದ ಕ್ರಿಮಿ ಕಂಡ ದಿನ ಅವನ ಮನೆಗೆ ಜನ ಕಳಿಸಿದೆ. ಬಾಗಿಲಿಗೆ ಬೀಗ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋಗಿಬಿಟ್ಟಿದ್ದ. ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಬರೆದ ಫಲಿತಾಂಶ ಸರಿಯಾಗಿಯೇ ಇತ್ತು. ಅದು ಅವನ ಯಾವ ಉಪಯೋಗಕ್ಕೂ ಬರಲಿಲ್ಲ.

ಬೇಗ ಫಲಿತಾಂಶ ಕೊಡುವ ಪರೀಕ್ಷೆಯ ಬೆಲೆ ನನಗೆ ಗೊತ್ತಾದದ್ದು ಆ ಬೀಗದಿಂದ. ರೋಗಿ ನಿನ್ನ ಮುಂದೆ ಕೂತಿರುವಾಗಲೇ ಉತ್ತರ ಸಿಗಬೇಕು, ಅವನು ಎದ್ದು ಹೋಗುವ ಮೊದಲೇ ಚಿಕಿತ್ಸೆ ಶುರುವಾಗಬೇಕು. ಗಂಟೆಯೊಳಗೆ ಫಲಿತಾಂಶ ಬಂದು, ಮಾತ್ರೆ ನಾಳೆ ಕೊಡುತ್ತೇವೆ ಎಂದು ಕಳಿಸಿಬಿಟ್ಟರೆ ನಾವು ಮತ್ತೆ ಅದೇ ಬೀಗದ ಮುಂದೆ ನಿಂತ ಹಾಗೆ.

ನಿನ್ನ ಪಿಎಚ್‌ಸಿಯ ಸುತ್ತ ಗದ್ದೆ, ಅಡಿಕೆ ತೋಟ. ಮಳೆ ಹಿಡಿಯಿತೆಂದರೆ ಹಾವು ಕಡಿದವರು ಬಂದೇ ಬರುತ್ತಾರೆ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಲೇಬೇಕು. ಹಾವು ಕಡಿತಕ್ಕಿರುವ ಪರೀಕ್ಷೆಗೆ ಯಂತ್ರ ಬೇಡ, ಕರೆಂಟು ಬೇಡ. 2 ಮಿ.ಲೀ. ರಕ್ತವನ್ನು ಹೊಸದಾದ, ಒಣಗಿದ ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಡು. ಆಮೇಲೆ ಒಂದೇ ಸಲ ಬಗ್ಗಿಸಿ ನೋಡು. ರಕ್ತ ಹೆಪ್ಪುಗಟ್ಟಿದ್ದರೆ ಸದ್ಯಕ್ಕೆ ಸರಿ. ನೀರಿನ ಹಾಗೆ ಹರಿದರೆ, ಕೊಳಕುಮಂಡಲದಂಥ ಹಾವಿನ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ತಿಂದುಹಾಕಿದೆ ಎಂದು ಅರ್ಥ. ಪ್ರತಿವಿಷ ಅಲ್ಲೇ, ಆಗಲೇ ಶುರುವಾಗಬೇಕು.

ಈ ಸರಳ ಪರೀಕ್ಷೆಯಲ್ಲೂ ನಾನು ಎಡವಿದ್ದೆ. ನೌಕರಿಗೆ ಸೇರಿದ ಹೊಸತು. ರಾತ್ರಿ ಹುಡುಗನೊಬ್ಬನನ್ನು ಹೊತ್ತುಕೊಂಡು ಬಂದರು. ಕಾಲಿನಲ್ಲಿ ಕಡಿದ ಗುರುತಿತ್ತು, ಬಾವು ಇರಲಿಲ್ಲ, ವಸಡಿನಲ್ಲಿ ರಕ್ತ ಇರಲಿಲ್ಲ. ಟ್ಯೂಬು ಬಗ್ಗಿಸಿದರೆ ರಕ್ತ ಸಲೀಸಾಗಿ ಹರಿಯಿತು. ನಾನು ಪ್ರತಿವಿಷದ ವಯಲ್ ಕೈಗೆತ್ತಿಕೊಂಡೆ. ನಮ್ಮ ಹಿರಿಯ ಸಿಸ್ಟರ್ ಮೆಲ್ಲಗೆ, "ಸಾರ್, ಇನ್ನೊಂದು ಟ್ಯೂಬಿಗೆ ನನ್ನ ರಕ್ತ ಹಾಕಿ ನೋಡೋಣವಾ?" ಎಂದರು. ತೋಳು ಚಾಚಿದರು. 20 ನಿಮಿಷದ ನಂತರ ಅವರ ರಕ್ತವೂ ಹಾಗೆಯೇ ಹರಿಯಿತು! ಟ್ಯೂಬುಗಳನ್ನು ಸೋಪಿನ ಪುಡಿಯಲ್ಲಿ ತೊಳೆದಿಟ್ಟಿದ್ದರು. ಸೋಪಿನ ಅಂಶ ಉಳಿದ ಗಾಜಿನಲ್ಲಿ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೇ ಇರಬಹುದು. ಹೊಸ ಟ್ಯೂಬು ತೆಗೆಸಿದೆವು. ಇಬ್ಬರ ರಕ್ತವೂ ಗಟ್ಟಿಯಾಯಿತು. ಪ್ರತಿವಿಷವೂ ಮೈಗೆ ಒಗ್ಗದೆ ಪ್ರಾಣಕ್ಕೆ ಕುತ್ತು ತರಬಲ್ಲದು. ಆ ಹುಡುಗನನ್ನು ಬೇಡದ ಅಪಾಯದಿಂದ ಉಳಿಸಿದ್ದು ಆ ತಾಯಿ ಚಾಚಿದ ತೋಳು.

ಮಲೇರಿಯಾ ಕಿಟ್ಟಿನಲ್ಲಿ 'ಸಿ' ಎಂಬ ಗೆರೆ ಇದೆಯಲ್ಲ, ಅದನ್ನು ನೋಡಿದಾಗೆಲ್ಲ ನನಗೆ ಆ ಸಿಸ್ಟರ್ ನೆನಪಾಗುತ್ತಾರೆ. ಕಿಟ್ ತನ್ನ ಕೆಲಸ ಮಾಡಿದೆ ಎಂದು ಹೇಳುವ ಸಾಕ್ಷಿ ಅದು. 'ಸಿ' ಗೆರೆ ಮೂಡದಿದ್ದರೆ ಉಳಿದ ಗೆರೆಗಳನ್ನು ಓದಲೇಬೇಡ, ಎಸೆದು ಹೊಸ ಕಿಟ್ ತೆಗೆ. ಬಿಸಿಲು ಬೀಳುವ ಕಿಟಕಿಯ ಬಳಿ ಕಿಟ್ ಪೆಟ್ಟಿಗೆ ಇಡಿಸಬೇಡ. ಎಕ್ಸ್‌ಪೈರಿ ದಿನಾಂಕ ನೋಡು. ಕಿಟ್ಟಿನ ಚೀಟಿಯಲ್ಲಿ ಎಷ್ಟು ನಿಮಿಷಕ್ಕೆ ಓದಬೇಕು ಎಂದಿದೆಯೋ ಅಷ್ಟಕ್ಕೇ ಓದು. ಊಟ ಮುಗಿಸಿ ಬಂದು ಓದಿದ ಗೆರೆಯನ್ನು ನಂಬಬೇಡ.

ಮೊದಲು ಜ್ವರ ಬಂದವರ ಬೆರಳು ಚುಚ್ಚಿ ರಕ್ತಲೇಪನ ತೆಗೆದು, ಯಾವುದಕ್ಕೂ ಇರಲಿ ಎಂದು ನಾಲ್ಕು ಕ್ಲೋರೋಕ್ವಿನ್ ಮಾತ್ರೆ ನುಂಗಿಸಿ ಕಳಿಸುತ್ತಿದ್ದೆವು. ಸ್ಲೈಡುಗಳು ಕಟ್ಟುಕಟ್ಟಾಗಿ ಬಂದು ಸೂಕ್ಷ್ಮದರ್ಶಕದ ಕೆಳಗೆ ಹೋಗುವಷ್ಟರಲ್ಲಿ ದಿನಗಳು ಕಳೆಯುತ್ತಿದ್ದವು. ಫಾಲ್ಸಿಪಾರಂ ಮಲೇರಿಯಾ ಅಷ್ಟು ದಿನ ಕಾಯುವುದಿಲ್ಲ, ಮಿದುಳಿಗೆ ಏರಿಬಿಡುತ್ತದೆ. ಇಂದು ಆಶಾ ಕಾರ್ಯಕರ್ತೆ ಮನೆಯ ಜಗಲಿಯಲ್ಲೇ ಕೂತು ಒಂದು ಹನಿ ರಕ್ತದಲ್ಲಿ ಅದು ಫಾಲ್ಸಿಪಾರಮ್ಮೋ ವೈವಾಕ್ಸೋ ಹೇಳಬಲ್ಲಳು. ಎರಡಕ್ಕೂ ಔಷಧ ಬೇರೆ, ಹಾಗಾಗಿ ಆ ಒಂದು ಗೆರೆಯಿಂದ ಚಿಕಿತ್ಸೆಯೇ ಬದಲಾಗುತ್ತದೆ. ಆಶಾ ತಂದ ಕಿಟ್ಟನ್ನು ಹಗುರವಾಗಿ ನೋಡಬೇಡ. ಆಕೆ ಕಾಲುದಾರಿಯಲ್ಲಿ ನಡೆದು ಹೋಗಿ ಮಾಡಿದ ಪರೀಕ್ಷೆ ಅದು.

ಕ್ಷಯಕ್ಕೂ ಈಗ ಟ್ರೂನಾಟ್ ಎಂಬ ಪರೀಕ್ಷಾ ಯಂತ್ರ ಇದೆ. ಅದರ ಹಿಂದಿನ ಸಂಶೋಧನೆ ನಡೆದದ್ದು ನಮ್ಮ ಬೆಂಗಳೂರಿನಲ್ಲೇ, ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ. ಬ್ಯಾಟರಿಯಲ್ಲೂ ನಡೆಯುತ್ತದೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಶಿಫಾರಸು ಮಾಡಿತು. ಕಫದಲ್ಲಿ ಕ್ರಿಮಿ ಇದೆಯೇ ಎಂಬುದು ಸುಮಾರು ಒಂದು ಗಂಟೆಯಲ್ಲಿ, ರಿಫಾಂಪಿಸಿನ್ ಔಷಧ ಅದಕ್ಕೆ ನಾಟುತ್ತದೆಯೇ ಎಂಬುದು ಮತ್ತೊಂದು ಗಂಟೆಯಲ್ಲಿ ತಿಳಿಯುತ್ತದೆ. ನನ್ನ ಆ ಕೂಲಿಯವನು ಇಂದು ಬಂದಿದ್ದರೆ ಒಂದೇ ದಿನದಲ್ಲಿ ಉತ್ತರ ಕೇಳಿ, ಮಾತ್ರೆ ಹಿಡಿದು ಮನೆಗೆ ಹೋಗಬಹುದಿತ್ತು. ಆ ಯಂತ್ರ ನಿನ್ನ ಹತ್ತಿರ ಇಲ್ಲದಿದ್ದರೆ ರೋಗಿಯನ್ನು ಅಲೆದಾಡಿಸದೆ ಕಫವನ್ನು ಕಳಿಸು. ಅವನ ಫೋನ್ ನಂಬರಿನ ಜೊತೆಗೆ ಪಕ್ಕದ ಮನೆಯವರ ನಂಬರನ್ನೂ ಅವನ ಒಪ್ಪಿಗೆ ಕೇಳಿ ಬರೆದಿಟ್ಟುಕೋ.

ಇನ್ನು ಗ್ಲುಕೋಮೀಟರ್. ಕುಡಿದು ಬಿದ್ದಿದ್ದಾನೆ ಎಂದು ಯಾರನ್ನಾದರೂ ಎತ್ತಿಕೊಂಡು ಬಂದರೆ, ಮಾತು ತೊದಲುವ ಅಜ್ಜಿಗೆ ಲಕ್ವ ಹೊಡೆದಿದೆ ಎಂದರೆ, ಮೊದಲು ಬೆರಳು ಚುಚ್ಚು. ಸಕ್ಕರೆ ಇಳಿದವರೂ ಹಾಗೆಯೇ ಕಾಣುತ್ತಾರೆ, ಗ್ಲೂಕೋಸ್ ಏರಿಸಿದರೆ ಕಣ್ಣು ಬಿಟ್ಟು ಮಾತಾಡುತ್ತಾರೆ. ಆದರೆ ಚುಚ್ಚುವ ಮೊದಲು ಬೆರಳು ತೊಳೆಸು. ಬಾಳೆಹಣ್ಣು ಸುಲಿದ ಕೈಯಲ್ಲಿ ಸಕ್ಕರೆ ಸುಳ್ಳೇ ಏರಿ ಕಾಣುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳದಿದ್ದರೆ ತಪ್ಪಾದೀತು. 'ನೆಗೆಟಿವ್' ಎಂದರೆ ರೋಗ ಇಲ್ಲ ಎಂದಲ್ಲ. ಡೆಂಗಿಯ ಎನ್‌ಎಸ್1 ಎಂಬ ಅಂಶ ಮೊದಲ ನಾಲ್ಕೈದು ದಿನ ಚೆನ್ನಾಗಿ ಸಿಗುತ್ತದೆ, ಆಮೇಲೆ ಮರೆಯಾಗುತ್ತದೆ. ಆದ್ದರಿಂದ ಜ್ವರ ಬಂದು ಎಷ್ಟು ದಿನವಾಯಿತು ಎಂದು ಕೇಳದೆ ಕಿಟ್ ಬಿಚ್ಚಬೇಡ. ಎಚ್‌ಐವಿ ಸೋಂಕು ತಗುಲಿದ ಮೊದಲ ವಾರಗಳಲ್ಲಿ ಪರೀಕ್ಷೆಗೆ ಸಿಗದೇ ಹೋಗಬಹುದು. ನಾಗರಹಾವು, ಕಡಂಬಳ ಕಡಿದವರ ರಕ್ತ ಟ್ಯೂಬಿನಲ್ಲಿ ಚೆನ್ನಾಗಿಯೇ ಹೆಪ್ಪುಗಟ್ಟುತ್ತದೆ, ಆದರೆ ರೆಪ್ಪೆ ಜೋತುಬೀಳುತ್ತಿರುತ್ತದೆ, ಉಸಿರು ನಿಧಾನವಾಗುತ್ತಿರುತ್ತದೆ. ಟ್ಯೂಬನ್ನೇ ನೋಡುತ್ತ ಕೂತವರಿಗೆ ಅದು ಕಾಣುವುದಿಲ್ಲ. 'ಪಾಸಿಟಿವ್' ಕೂಡ ಕೆಲವೊಮ್ಮೆ ಹಳೆಯ ಸುದ್ದಿ. ಫಾಲ್ಸಿಪಾರಂ ವಾಸಿಯಾಗಿ ವಾರಗಳಾದರೂ ಕಿಟ್ಟಿನಲ್ಲಿ ಆ ಗೆರೆ ಮೂಡುತ್ತಿರಬಹುದು.

ಫಲಿತಾಂಶ ಹೇಳುವುದರಲ್ಲೂ ಒಂದು ಮರ್ಯಾದೆ ಇದೆ. ಬೇಗ ಬಂದ ಉತ್ತರವನ್ನು ಬೇಗ ಕೂಗಿ ಹೇಳಬೇಕಾಗಿಲ್ಲ. ಸಾಲಿನಲ್ಲಿ ನಿಂತವರ ಎದುರು ಯಾರೂ ಹೆಸರು ಕರೆದು ಪಾಸಿಟಿವ್ ಎನ್ನದ ಹಾಗೆ ನೋಡಿಕೋ. ಒಳಗೆ ಕರೆದು ಕೂರಿಸಿ, ನೀರು ಕೊಟ್ಟು, ಅವರ ಮಾತಿನಲ್ಲೇ ಹೇಳು. ಮುಂದೆ ಏನು ಮಾಡಬೇಕು ಎಂಬುದನ್ನು ಅವರ ಬಾಯಿಂದಲೇ ಒಮ್ಮೆ ಹೇಳಿಸು.

ಪರೀಕ್ಷೆ ಬೇಗ ಮುಗಿದದ್ದರಿಂದ ಉಳಿದ ಹೊತ್ತು ರೋಗಿಗೆ ಸಲ್ಲಬೇಕಾದದ್ದು. ಟ್ಯೂಬಿನಲ್ಲಿ ರಕ್ತ ಇಟ್ಟ ಆ 20 ನಿಮಿಷ ಹಾಸಿಗೆಯ ಪಕ್ಕದಲ್ಲೇ ಇರು. ರೆಪ್ಪೆ ನೋಡು, ಉಸಿರು ಎಣಿಸು, ಬಾವು ಎಲ್ಲಿಯವರೆಗೆ ಬಂತು ಎಂದು ಪೆನ್ನಿನಲ್ಲಿ ಗುರುತು ಹಾಕು, ಹೆದರಿ ಕೂತ ಮನೆಯವರ ಹತ್ತಿರ ಎರಡು ಮಾತಾಡು.

ಸೋಮವಾರ ಹೋದವಳೇ ಸಹಿ ಹಾಕಿ, ಸ್ಟೋರಿನ ಬೀರು ತೆಗೆಸು. ಹೊಸ ಗಾಜಿನ ಟ್ಯೂಬು ಎಷ್ಟಿವೆ ಎಂದು ನೀನೇ ಎಣಿಸು. ಸಾಲದಿದ್ದರೆ ಅಂದೇ ಇಂಡೆಂಟ್ ಬರೆ. ಆಮೇಲೆ ಅಲ್ಲಿರುವ ಹಿರಿಯ ಸಿಸ್ಟರ್ ಯಾರೆಂದು ಕೇಳಿ, ಅವರ ಹತ್ತಿರ ಹೋಗಿ ಕೂತುಕೋ.

ನಿನ್ನ ಮಾವ